ಪ್ರೊಜೆಕ್ಷನ್ ಬಟ್ಟೆಗೆ ಏನನ್ನೋಣ: ತೆರೆಯೋ, ಪರದೆಯೋ?

ಗೆಳೆಯರೇ, ಸ್ವಲ್ಪ ಅವಸರ. ನಾಳೆ ಬೋರ್ಡುಗಳು ಅಚ್ಚಿಗೆ ಹೋಗಬೇಕು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ಚಿತ್ರಗಳನ್ನು ಊರೂರಲ್ಲಿ ತೋರಿಸುವ ಪ್ರದರ್ಶನ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಅರ್ಜುನನ ಮತ್ಸ್ಯಯಂತ್ರ ಎಲ್ಲವೂ ಸುತ್ತಲಿನ ದೊಡ್ಡ ಬಟ್ಟೆಗಳ ಮೇಲೆ, ತಲೆಯ ಮೇಲೂ ಮೂಡುತ್ತವೆ. ಈ ಬಟ್ಟೆಗೆ ಏನನ್ನಲಿ? ಕರಡಿನಲ್ಲಿ 'ಪ್ರಕ್ಷೇಪಣ ಪಟ' ಅಂತಿದೆ. ನನಗೇ ಹಿಡಿಸಿಲ್ಲ. ಬೋರ್ಡಿಗೂ ಹೊಲಿಯುವವರಿಗೆ ಕೊಡುವ ಚೀಟಿಗೂ ಒಂದೇ ಪದ ಆದರೆ ಒಳ್ಳೆಯದು.

ಉತ್ತರ: 'ತೆರೆ'. ಬೇರೆ ಹುಡುಕಬೇಡಿ. ಬೆಳ್ಳಿತೆರೆ, ಕಿರುತೆರೆ ಆಗಲೇ ಜನರ ಬಾಯಲ್ಲಿವೆ. ಯಕ್ಷಗಾನದಲ್ಲಿ ಇಬ್ಬರು ಹಿಡಿಯುವುದೂ ತೆರೆಯೇ. ತಮಿಳಿನ 'ತಿರೈ' ಇದರ ಒಡಹುಟ್ಟು. 'ಪರದೆ' ಪಾರಸಿಯದು, 'ಜವನಿಕೆ' ಸಂಸ್ಕೃತದ್ದು. ನಮ್ಮದೇ ಇರುವಾಗ ಸಾಲ ಯಾಕೆ? 'ಪ್ರಕ್ಷೇಪಣ ಪಟ' ಇವತ್ತೇ ಹೊಡೆದುಹಾಕಿ.

ಉತ್ತರ: ಮೂಲ ಹೇಳುವವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ತೆರೆ ಎಂದರೆ ಅಲೆ, ಸುಕ್ಕು ಕೂಡ. ಬಸವಣ್ಣನವರ ವಚನದಲ್ಲಿ ಗಲ್ಲಕ್ಕೆ ಬರುವ ತೆರೆ ಸುಕ್ಕೇ ಅಲ್ವಾ? ನಾನು ರಂಗಸಜ್ಜಿಕೆ ಮಾಡುವವನು. ಈ ಬಟ್ಟೆಗೆ ಸುಕ್ಕೇ ದೊಡ್ಡ ಶತ್ರು. ಓರೆಯಾಗಿ ಬೆಳಕು ಬಿದ್ದರೆ ಸಣ್ಣ ಮಡಿಕೆಯೂ ದೇವರ ಮುಖವನ್ನು ಸೊಟ್ಟ ಮಾಡುತ್ತದೆ. ಹತ್ತಿ ಹವೆ ಬದಲಾದಂತೆ ಸಡಿಲವಾಗುತ್ತದೆ, ಅದಕ್ಕೇ ಪಾಲಿಯೆಸ್ಟರ್. 5 ಮೀಟರ್ ಅಗಲದ್ದು ಸಿಗುತ್ತದೆ. ಅದಕ್ಕಿಂತ ದೊಡ್ಡದು ಬೇಕಾದರೆ ಜೋಡಿಸಬೇಕು, ಆಗ ಹೊಲಿಗೆಯ ಗೆರೆ ಚಿತ್ರದ ನಡುವೆ ಕಾಣುತ್ತದೆ. ಅಂಚಿಗೆ ಸಿಲಿಕೋನ್ ಪಟ್ಟಿ ಹೊಲಿದು ಅಲ್ಯೂಮಿನಿಯಂ ಚೌಕಟ್ಟಿನ ಸೀಳಿಗೆ ಒತ್ತಿದರೆ ಬಿಗಿಯಾಗಿ ನಿಲ್ಲುತ್ತದೆ. ಚೌಕಟ್ಟು ತಾನೇ ನಿಲ್ಲುವಂಥದ್ದಾದರೆ ಹಳೆಯ ಕಟ್ಟಡದ ಗೋಡೆಗೆ ಮೊಳೆಯೂ ಬೇಕಿಲ್ಲ. ಬೆಂಕಿ ಬೇಗ ಹತ್ತದ ಬಟ್ಟೆಯೇ ಇರಲಿ. ಇದನ್ನೆಲ್ಲ ಮಾಡುವವರು 'ಪರದೆ' ಅನ್ನುತ್ತಾರೆ. ಕಂಪನಿ ನಾಟಕದಲ್ಲಿ ಅರಮನೆ, ಕಾಡು ಬರೆದ ಬಟ್ಟೆಯೂ ಪರದೆಯೇ.

ಉತ್ತರ: ಸುಕ್ಕಿನ ವಾದ ನಿಲ್ಲದು. ಬೆಳ್ಳಿತೆರೆ ಅಂದಾಗ ಯಾರಿಗೂ ಸುಕ್ಕು ನೆನಪಾಗಲ್ಲ. ಇವತ್ತು ಪರದೆ ಬಿಟ್ಟುಕೊಂಡರೆ ನಾಳೆ 'ಸ್ಕ್ರೀನ್' ಅನ್ನೂ ಬಿಟ್ಟುಕೊಳ್ಳಬೇಕು.

ಉತ್ತರ: ಬಿಟ್ಟುಕೊಂಡು ಎಷ್ಟೋ ಕಾಲವಾಯಿತು! ನೀವು ಕೂತಿರುವ ಕುರ್ಚಿ ಅರಬ್ಬಿಯಿಂದ ಬಂದದ್ದು. ಕಾಗದವೂ ಹೊರಗಿನದೇ. ಶತಮಾನಗಳಿಂದ ಮನೆಯಲ್ಲಿರುವ ಪದವನ್ನು ಊರು ಕೇಳಿ ಹೊರಗೆ ಹಾಕಬೇಡಿ. ಅದು ಕನ್ನಡದ ಪ್ರೀತಿಯಲ್ಲ.

ಉತ್ತರ: ನಿಮ್ಮ ಜಗಳದಲ್ಲಿ ಕೇಳಿದವರನ್ನೇ ಮರೆತಿರಿ. ತಲೆಯ ಮೇಲಿನ ಬಟ್ಟೆ ತೆರೆಯೂ ಅಲ್ಲ, ಪರದೆಯೂ ಅಲ್ಲ. ಎರಡೂ ಎದುರಿಗೆ ನಿಲ್ಲುವಂಥವು. ದೇವರ ಮೇಲೆ, ಚಪ್ಪರದಡಿ ಕಟ್ಟುವುದಕ್ಕೆ 'ಮೇಲ್ಕಟ್ಟು' ಅಂತ ಪದವಿದೆ.

ಉತ್ತರ: ಸಂಸ್ಕೃತದ 'ವಿತಾನ' ಯಾಕೆ ಬಿಟ್ಟಿರಿ?

ಉತ್ತರ: ಬೇಡವಾಗಿತ್ತು.

ಗೆಳೆಯರೇ, ಎಲ್ಲರಿಗೂ ವಂದನೆ. 'ಮೇಲ್ಕಟ್ಟು' ನೋಡಿ ತುಂಬಾ ಖುಷಿಯಾಯಿತು. ಬೋರ್ಡಿನಲ್ಲಿ ಹೀಗೆ ಹಾಕುತ್ತಿದ್ದೇನೆ: "ಸುತ್ತಲಿನ ತೆರೆಗಳ ಮೇಲೂ ತಲೆಯ ಮೇಲಿನ ಮೇಲ್ಕಟ್ಟಿನಲ್ಲೂ ಚಿತ್ರಗಳು ಮೂಡುತ್ತವೆ." ಹೊಲಿಯುವವರ ಚೀಟಿಯಲ್ಲಿ 'ಪರದೆ' ಇರುತ್ತದೆ. ಅವರಿಗೆ ಅಳತೆ ತಪ್ಪಬಾರದು. ಒಂದೇ ಪದದ ಆಸೆ ಬಿಟ್ಟೆ. ಬಾಗಿಲ ಬಳಿ ಇನ್ನೊಂದು ಸಣ್ಣ ಫಲಕವಿದೆ, ಬೆರಳಿನ ಜಿಡ್ಡು ಬಿಳಿ ಬಟ್ಟೆಗೆ ಹತ್ತಬಾರದಲ್ಲ. ಅಲ್ಲಿಗೆ "ಪರದೆ ಮುಟ್ಟಬೇಡಿ" ಅಂತಲೇ ಬರೆಯುತ್ತೇನೆ. ಶಾಲೆ ಮಕ್ಕಳಿಗೆ ಅದು ಬೇಗ ತಿಳಿಯುತ್ತದೆ.