ಅಪ್‌ಡೇಟ್: ಬಾತ್‌ರೂಮ್ ಚಾವಣಿ ಸೋರಿಕೆಗೆ ಕಾರಣ ಸಿಕ್ಕಿತು

ಕಾರವಾರದ ನಮ್ಮ ಫ್ಲ್ಯಾಟಿನ ಬಾತ್‌ರೂಮ್ ಚಾವಣಿ ಒದ್ದೆಯಾಗುತ್ತಿದೆ, ಮೇಲಿನ ಮನೆಯವರು ಮಳೆ ನೀರು ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ. ಮಳೆಗಾಲ ಮುಗಿದು ಹೊರಗಿನ ಗೋಡೆ ಒಣಗಿದರೂ ಆ ಕಲೆ ಹರಡುತ್ತಲೇ ಇತ್ತು.

ಪ್ಲಂಬರ್ ಮೊದಲು ಮೇಲಿನ ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿಸಿ ಅವರ ಮೀಟರ್ ನೋಡಿದರು. ಮುಳ್ಳು ಅಲ್ಲಾಡಲಿಲ್ಲ. ಅಂದರೆ ನೀರು ಬರುವ ಪೈಪು ಸರಿ, ಹೋಗುವ ಕಡೆ ನೋಡಬೇಕು. ಆಮೇಲೆ ಬಾತ್‌ರೂಮ್ ನೆಲದ ಜಾಲರಿ ಮುಚ್ಚಿ, ಬಣ್ಣ ಕಲಸಿದ ನೀರು ನಿಲ್ಲಿಸಿದರು. ಮರುದಿನ ನಮ್ಮ ಚಾವಣಿಯಲ್ಲಿ ಅದೇ ಕೆಂಪು! ನಹನಿ ಟ್ರ್ಯಾಪ್ (ಜಾಲರಿ ಕೆಳಗೆ ನೀರು ಹೋಗುವ ಬಾಗಿದ ಪೈಪು) ಸುತ್ತಲಿನ ಸಿಮೆಂಟು ಬಿಟ್ಟಿತ್ತು.

ಮೇಲಿನ ಮನೆ ಅಕ್ಕ ಕಣ್ಣಾರೆ ನೋಡಿದರು, ರಿಪೇರಿ ಅವರೇ ಮಾಡಿಸಿದರು. ಜಗಳಕ್ಕೆ ಮೊದಲು ದಯವಿಟ್ಟು ಈ ಪರೀಕ್ಷೆ ಮಾಡಿಸಿ. ಪೇಂಟ್ ಈಗಲೇ ಹೊಡೆಸುವುದಿಲ್ಲ, ಸ್ಲ್ಯಾಬ್ ಪೂರ್ತಿ ಒಣಗಲಿ.