ಸಿಎ 19-9 (ರಕ್ತದಲ್ಲಿ ನೋಡೋ ಕ್ಯಾನ್ಸರ್ ಸೂಚಕ) ಏರಿದೆ, ಸ್ಕ್ಯಾನ್‌ಗೆ ಇನ್ನೂ ಆರು ವಾರ. ಅಲ್ಲಿವರೆಗೆ? (ರೋಗಿಗಳ ಮನೆಯವರ ಗುಂಪಿನ ಮಾತುಕತೆ, ಹೆಸರಿನ ಬದಲು ಅವರವರ ಊರು)

ಡೊಂಬಿವಲಿ: ಅಪ್ಪನಿಗೆ ಮೇದೋಜೀರಕದ ಕ್ಯಾನ್ಸರ್. ವಿಪಲ್ (ಗ್ರಂಥಿಯ ತಲೆಭಾಗ ತೆಗೆಯೋ ಆಪರೇಷನ್) ಆಗಿದೆ, ಫಾಲ್ಫಿರಿನಾಕ್ಸ್ ಅನ್ನೋ ಕೀಮೋ 12 ಸೈಕಲ್ ಮುಗಿದು ಮೂರು ತಿಂಗಳು. ಸಿಎ 19-9 28 ಇದ್ದದ್ದು 61 ಆಗಿದೆ, ತೂಕವೂ ಇಳೀತಿದೆ. ಸ್ಕ್ಯಾನ್ ಮುಂಬೈನ ಪರೇಲ್‌ನ ಆಸ್ಪತ್ರೇಲಿ. ನೀವೆಲ್ಲ ಈ ದಿನಗಳನ್ನ ಹೇಗೆ ಕಳೆದ್ರಿ?

ಕೋಥ್ರೂಡ್: ಒಂದೇ ಅಂಕಿ ಹಿಡ್ಕೊಂಡು ಕೂರಬೇಡಿ. ಮಾಮೂಲಿ ಮಿತಿ 37 ದಾಟಿದ್ದು ನಿಜ, ಆದ್ರೆ ಪಿತ್ತನಾಳ ಹೊಲಿದ ಜಾಗ ಕಿರಿದಾದ್ರೂ, ಅಲ್ಲಿ ಸೋಂಕಾದ್ರೂ ಏರುತ್ತೆ. ಪಿತ್ತ ಕಟ್ಟಿದೆಯಾ ಅಂತ ತೋರಿಸೋ ಅದೇ ದಿನದ ಬಿಲಿರುಬಿನ್, ಅಲ್ಕಲೈನ್ ಫಾಸ್ಫಟೇಸ್ ಜೊತೆಗಿಟ್ಟು ನೋಡಿಸಿ. ಲ್ಯಾಬ್ ಬದಲಾಗಿದ್ರೆ ಹೋಲಿಕೆಯೇ ತಪ್ಪು. ನಾಲ್ಕು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ವಾರವಾರ ರಕ್ತ ಕೊಟ್ರೆ ನಿದ್ದೆ ಹೋಗುತ್ತೆ ಅಷ್ಟೇ.

ಮಾಟುಂಗಾ: ನಾಲ್ಕು ವಾರ ಸುಮ್ಮನಿರಿ ಅಂತ ಹೇಳೋ ಹಕ್ಕು ನಿಮಗಿಲ್ಲ! ತೂಕ ಇಳೀತಿದೆ ಅಂದಿದ್ದಾರಲ್ಲ, ಓದಿದ್ರಾ? ಇವತ್ತೇ ಡಾಕ್ಟರಿಗೆ ತಿಳಿಸಿ, ಸ್ಕ್ಯಾನ್ ಬೇಗ ಆಗುತ್ತಾ ಕೇಳಿ. ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ರಿಪೋರ್ಟ್ ಹೊಸದಿರಲಿ, ಇಲ್ಲದಿದ್ರೆ ಸ್ಕ್ಯಾನ್‌ಗೆ ಹಾಕೋ ಕಾಂಟ್ರಾಸ್ಟ್ ಔಷಧಿ ಕೊಡದೆ ವಾಪಸ್ ಕಳಿಸ್ತಾರೆ. ಹಳೇ ಸ್ಕ್ಯಾನ್‌ನ ಕಾಗದ ಸಾಲದು, ಸೀಡಿ ಬೇಕು.

ಕೋಥ್ರೂಡ್: ಡಾಕ್ಟರಿಗೆ ಹೇಳಬೇಡಿ ಅಂತ ನಾನೆಲ್ಲಿ ಬರೆದೆ?

ವಾಸ್ಕೋ: ಜಗಳ ಆಮೇಲೆ. ತೂಕ ಇಳಿಯೋಕೆ ಮೇದೋಜೀರಕದ ಜೀರ್ಣ ಕಿಣ್ವದ ಕೊರತೆಯೂ ಕಾರಣ ಇರಬಹುದು. ಮಲ ತೇಲುತ್ತಾ, ಜಿಡ್ಡು ಅಂಟುತ್ತಾ ನೋಡಿ. 25,000 ಯೂನಿಟ್‌ನ ಕಿಣ್ವದ ಕ್ಯಾಪ್ಸೂಲ್ ಆದ್ರೆ ಊಟಕ್ಕೆ ಎರಡು, ತಿಂಡಿಗೆ ಒಂದು. ಮೂರು ಊಟ, ಎರಡು ತಿಂಡಿ ಅಂದ್ರೆ ದಿನಕ್ಕೆ 8, ತಿಂಗಳಿಗೆ 240. ಖರ್ಚಿಗೆ ಹೆದರಿ ಊಟಕ್ಕೊಂದೇ ಕೊಡೋ ಮನೆಗಳೇ ಜಾಸ್ತಿ, ಅಲ್ಲೇ ತೂಕ ಸೋರೋದು.

ಮಾಟುಂಗಾ: ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು.

ವಾಸ್ಕೋ: ತಪ್ಪು, ದಯವಿಟ್ಟು ಇಲ್ಲಿ ಹಾಗೆ ಬರೀಬೇಡಿ. ಮೊದಲ ತುತ್ತಿಗೆ ಒಂದು, ಊಟದ ನಡುವೆ ಒಂದು. ಅನ್ನದ ಜೊತೆ ಬೆರೆತ್ರೇನೇ ಕೆಲಸ. ಕ್ಯಾಪ್ಸೂಲ್ ಬಿಡಿಸಿ ಬಿಸಿ ಸಾರಿಗೆ ಹಾಕಿದ್ರೆ ಕಿಣ್ವ ಸತ್ತಹಾಗೆ. ನುಂಗೋಕಾಗದಿದ್ರೆ ಒಂದು ಚಮಚ ತಣ್ಣನೆ ಹುಳಿ ಮೊಸರಲ್ಲಿ ಬಿಡಿಸಿ ಕೊಡಿ, ಅಗಿಯದೆ ನುಂಗಲಿ.

ಠಾಣೆ: ಬೆಲ್ಲ ಹಾಕಿದ ರಾಗಿ ಗಂಜಿ ಕೊಡಿ, ಮೈ ಹಿಡಿಯುತ್ತೆ.

ವಾಸ್ಕೋ: ಸಕ್ಕರೆ ನೋಡದೇನೇ ಬೆಲ್ಲವಾ? ಗ್ರಂಥಿಯ ಒಂದು ಭಾಗ ತೆಗೆದಿದ್ದಾರೆ, ಇನ್ಸುಲಿನ್ ಕಮ್ಮಿಯಾಗಿರಬಹುದು, ಆಗಲೂ ತೂಕ ಇಳಿಯುತ್ತೆ. ಮೊದಲು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ) ಮಾಡಿಸಿ.

ಠಾಣೆ: ಅಜ್ಜಿ ಕಾಲದಿಂದ ಕೊಟ್ಟಿದ್ದು. ಎಲ್ಲದಕ್ಕೂ ಟೆಸ್ಟ್ ಅಂದ್ರೆ ಬಡವರು ಎಲ್ಲಿಗೆ ಹೋಗ್ಬೇಕು?

ಕೋಥ್ರೂಡ್: ಒಂದು ಟೆಸ್ಟ್ ತಪ್ಪಿಸಿದ್ರೆ ಹತ್ತು ದಿನ ಐಸಿಯು ಆಗುತ್ತೆ, ಆ ಬಿಲ್ ಕಟ್ಟಿದವರನ್ನ ಕೇಳಿ. ಡೊಂಬಿವಲಿಯವರೇ, ಅಪ್ಪನಿಗೆ ಕಾಲು ಜೋಮು ಇದ್ರೆ, ಕೀಮೋ ನಿಂತ ಮೇಲೂ ಕೆಲವು ತಿಂಗಳು ಹೆಚ್ಚಬಹುದು, ಅದು ಆ ಕೀಮೋದಲ್ಲಿರೋ ಆಕ್ಸಾಲಿಪ್ಲಾಟಿನ್ ಔಷಧಿಯದು, ಕಾಯಿಲೆ ಮರಳಿದ್ದಲ್ಲ. ಚಪ್ಪಲಿ ಜಾರಿದ್ದೂ ಗೊತ್ತಾಗಲ್ಲ, ಲೋಕಲ್ ರೈಲು ಹತ್ತೋವಾಗ ಹಿಂಪಟ್ಟಿ ಇರೋದೇ ಹಾಕಿಸಿ.

ಮಾಟುಂಗಾ: ಚಳಿ ನಡುಗಿ ಜ್ವರ 38 ಡಿಗ್ರಿ ಮುಟ್ಟಿದ್ರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಪಿತ್ತನಾಳದ ಸೋಂಕು ಒಂದೇ ರಾತ್ರೀಲಿ ಕೈಮೀರುತ್ತೆ. ಮಳೇಲಿ ಪರೇಲ್ ಮುಟ್ಟೋದು ನೆಚ್ಚಿಕೊಳ್ಳಬೇಡಿ, ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಗೊತ್ತುಮಾಡಿ, ಆಪರೇಷನ್ ಸಮ್ಮರಿಯ ಎರಡು ಝೆರಾಕ್ಸ್ ಬಾಗಿಲ ಹತ್ತಿರದ ಚೀಲದಲ್ಲಿಡಿ. ಮತ್ತೆ, ಅರ್ಧ ಗಂಟೆ ಮುಂಚೆ ಅಂತ ನಮಗೆ ಹೇಳಿದ್ದು ವಾರ್ಡಿನ ನರ್ಸೇ.

ವಾಸ್ಕೋ: ಹೇಳಿದ್ದು ಯಾರೇ ಆಗಲಿ, ಡಬ್ಬಿಯೊಳಗಿನ ಚೀಟಿ ಓದಿ.