ಪದ ಬೇಕು: ಫಾರ್ಮಿಕ್ ಆಸಿಡ್‌ಗೆ ಬೋರ್ಡಿನಲ್ಲಿ ಏನು ಬರೆಯಲಿ?

ಸಂಪಾಜೆಯಿಂದ:
ನಮಸ್ಕಾರ. ನಮ್ಮ ರಬ್ಬರ್ ಶೆಡ್ಡಿಗೆ ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಎರಡು ಪದ ಬೇಕು. ಒಂದು, ರಬ್ಬರ್ ಹಾಲಿಗೆ ಹಾಕುವ ಫಾರ್ಮಿಕ್ ಆಸಿಡ್‌ಗೆ. ಇನ್ನೊಂದು, ಅದು ಬಿದ್ದ ಮೇಲೆ ಟ್ರೇಯಲ್ಲಿ ಹಾಲಿಗೆ ಆಗುವುದಕ್ಕೆ. 'ಒಡೆಯುತ್ತದೆ' ಅನ್ನಲೋ, 'ಹೆಪ್ಪುಗಟ್ಟುತ್ತದೆ' ಅನ್ನಲೋ? ಕೆಲಸದವರು ಬರೀ 'ಆಸಿಡ್' ಅಂತಾರೆ.

ಪೊನ್ನಂಪೇಟೆಯಿಂದ:
'ಇರುವೆಹುಳಿ' ಅನ್ನಿ. ಇದರಲ್ಲಿ ಚರ್ಚೆ ಏನಿದೆ? ಲ್ಯಾಟಿನ್ನಿನಲ್ಲಿ 'ಫಾರ್ಮಿಕಾ' ಅಂದರೆ ಇರುವೆ. 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಇರುವೆಗಳನ್ನು ಭಟ್ಟಿ ಇಳಿಸಿ ಬಂದ ಹುಳಿಯ ಬಗ್ಗೆ ಬರೆದರು. ಕಾಫಿ ಕುಯ್ಯುವಾಗ ಚಗಳಿ ಇರುವೆ ಕಚ್ಚಿ, ಕಚ್ಚಿದ ಜಾಗಕ್ಕೆ ಬಿಡುವುದೂ ಅದನ್ನೇ. 'ಆಮ್ಲ' ಸಂಸ್ಕೃತ, 'ಆಸಿಡ್' ಇಂಗ್ಲಿಷ್. 'ಹುಳಿ' ನಮ್ಮದು. ಹಳಗನ್ನಡದಲ್ಲಿ 'ಪುಳಿ', ಕೊಡವ ತಕ್ಕ್‌ನಲ್ಲಿ ಇವತ್ತಿಗೂ 'ಪುಳಿ'. ನಮ್ಮ ಕೊಡಗಿನ ಕಪ್ಪು ಹುಳಿರಸ, ಆ ಕಾಚಂಪುಳಿ ಹಾಕದೆ ಪಂದಿಕರಿ ಮಾಡ್ತೀರಾ?

ಮಡಿಕೇರಿಯಿಂದ:
ಅದೇ ತೊಂದರೆ ಸಾರ್. ಕಾಚಂಪುಳಿ ಅಡುಗೆಮನೆಯಲ್ಲಿರುತ್ತೆ. ಕ್ಯಾನಿನ ಮೇಲೆ 'ಹುಳಿ' ಅಂತ ಬರೆದರೆ ಯಾರಾದರೂ ಬೆರಳದ್ದಿ ನೋಡಿಯಾರು. 85 ಶೇಕಡಾದ ಫಾರ್ಮಿಕ್ ಚರ್ಮ ಸುಡುತ್ತೆ. ಇನ್ನು ಇರುವೆ ಅಂತೀರಿ. ಈಗ ಕಾರ್ಖಾನೆಯಲ್ಲಿ ಇದನ್ನು ಕಾರ್ಬನ್ ಮೊನಾಕ್ಸೈಡ್ ಮತ್ತು ಮೆಥನಾಲ್‌ನಿಂದ ಮಾಡ್ತಾರೆ. ಒಂದೇ ಒಂದು ಇರುವೆಯೂ ಬೇಕಾಗಿಲ್ಲ.

ಬರೀ 'ಆಸಿಡ್' ಕೂಡ ಬೇಡ. ಅಗ್ಗ ಅಂತ ಕೆಲವರು ಸಲ್ಫ್ಯೂರಿಕ್ ಕೂಡ ತಂದಿಡ್ತಾರೆ. ಎರಡೂ 'ಆಸಿಡ್' ಆದರೆ ಒಂದರ ಕ್ಯಾನಿಗೆ ಇನ್ನೊಂದನ್ನು ಸುರಿಯುವವರು ಇದ್ದೇ ಇರ್ತಾರೆ. ಗಟ್ಟಿ ಸಲ್ಫ್ಯೂರಿಕ್ ಫಾರ್ಮಿಕ್‌ನಿಂದ ನೀರನ್ನು ಎಳೆದುಕೊಳ್ಳುತ್ತೆ. ಉಳಿಯುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಮುಚ್ಚಿದ ಶೆಡ್ಡಿನಲ್ಲಿ ಜೀವಕ್ಕೇ ಕುತ್ತು. ಅದಕ್ಕೇ 'ಫಾರ್ಮಿಕ್' ಅನ್ನುವ ಹೆಸರು ಇರಲೇಬೇಕು.

ಪೊನ್ನಂಪೇಟೆಯಿಂದ:
ಇಂಗ್ಲಿಷ್ ಉಳಿಸಿಕೊಳ್ಳೋಕೆ ಒಂದು ನೆಪ, ಅಷ್ಟೆ. ಎಲ್ಲ ಎರವಲು ತಂದರೆ ಕನ್ನಡ ಯಾಕೆ ಬೇಕು?

ಕುಶಾಲನಗರದಿಂದ:
ಎರಡನೇ ಪ್ರಶ್ನೆ ಎಲ್ಲರೂ ಮರೆತಿರಾ? ನನ್ನ ಓಟು 'ಹೆಪ್ಪುಗಟ್ಟು'ವಿಗೆ. ಹೆಪ್ಪು ಅಂದರೆ ಮೊಸರಿಗೆ ಮಾತ್ರ, ಇಲ್ಲಿ ಹಾಕುವುದು ಆಸಿಡ್ ಅಲ್ವಾ ಅಂತ ಯಾರಾದರೂ ಬರ್ತಾರೆ, ಗೊತ್ತು. ಆದರೆ ಒಳಗೆ ನಡೆಯುವುದು ಒಂದೇ ಕೆಲಸ. ರಬ್ಬರ್ ಹಾಲಿನ ಕಣಗಳ ಸುತ್ತ ಪ್ರೋಟೀನ್ ಪದರ ಇರುತ್ತೆ. ಅದರ ಋಣ ವಿದ್ಯುತ್ತಿನಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಪಿಎಚ್ ಅಂದರೆ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ. ಹಾಲಿನ ಪಿಎಚ್ 7ರ ಆಸುಪಾಸಿನಿಂದ 5ರ ಕೆಳಗೆ ಇಳಿದರೆ ಆ ತಳ್ಳಾಟ ನಿಂತು ಕಣಗಳು ಅಂಟಿಕೊಳ್ಳುತ್ತವೆ. ಮೊಸರಲ್ಲೂ ಅಷ್ಟೆ. ಅಲ್ಲಿ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಸಿಡ್ ಮಾಡುತ್ತೆ, ಪಿಎಚ್ 4.6ರ ಹತ್ತಿರ ಹಾಲಿನ ಪ್ರೋಟೀನ್ ಆದ ಕೇಸಿನ್ ಗಟ್ಟಿಯಾಗುತ್ತೆ. ಗಟ್ಟಿಯಾಗದಂತೆ ತಡೆಯುವ ಅಮೋನಿಯಾ ಹಾಕದೆ ಬಿಟ್ಟ ರಬ್ಬರ್ ಹಾಲು ತಾನಾಗಿಯೇ ಗಟ್ಟಿಯಾಗುವುದಕ್ಕೂ ಮುಖ್ಯವಾಗಿ ಬ್ಯಾಕ್ಟೀರಿಯಾದ ಆಸಿಡ್ಡೇ ಕಾರಣ. 'ಒಡೆ' ಅಂದರೆ ಹಾಲು ಕೆಟ್ಟಿತು ಅಂತ ಕೇಳಿಸುತ್ತೆ. ರಬ್ಬರ್ ಶೀಟಿಗೆ ಬೇಕಾದ್ದು ಟ್ರೇ ತುಂಬ ಒಂದೇ ಮೆತ್ತನೆ ಗಡ್ಡೆ, ಚೂರುಚೂರು ಅಲ್ಲ.

ಪೊನ್ನಂಪೇಟೆಯಿಂದ:
ನೋಡಿ, ಅಚ್ಚಗನ್ನಡ ಪದವೇ ಗೆದ್ದಿತು. ಹಾಗಾದರೆ 'ಹೆಪ್ಪುಹುಳಿ' ಅನ್ನೋಣ!

ಮಡಿಕೇರಿಯಿಂದ:
ಬೇಡ.

ಸಂಪಾಜೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಬರೆಸುವುದು ಇಷ್ಟು: 'ಫಾರ್ಮಿಕ್ ಆಸಿಡ್. ಮೈಗೆ ತಾಗಿದರೆ ಸುಡುತ್ತದೆ, ಕೂಡಲೇ ತುಂಬಾ ನೀರಿನಲ್ಲಿ ತೊಳೆಯಿರಿ. ಬೇರೆ ಆಸಿಡ್ ಬೆರೆಸಬೇಡಿ. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ತೆಳು ಮಾಡಿದ ಮೇಲೆಯೇ ಹಾಲಿಗೆ ಹಾಕಿ. ಹೆಪ್ಪುಗಟ್ಟುವವರೆಗೆ ಟ್ರೇ ಅಲ್ಲಾಡಿಸಬೇಡಿ.' 'ಆಮ್ಲ' ಬಿಟ್ಟೆ, ನಮ್ಮಲ್ಲಿ ಟ್ಯಾಪಿಂಗ್ ಮಾಡುವವರಲ್ಲಿ, ಅಂದರೆ ಮರದಿಂದ ಹಾಲು ಇಳಿಸುವವರಲ್ಲಿ, ಮಲಯಾಳಂ ಮಾತಾಡುವವರೂ ಇದ್ದಾರೆ, 'ಆಸಿಡ್' ಅವರಿಗೂ ಗೊತ್ತು.

ಪೊನ್ನಂಪೇಟೆಯಿಂದ:
'ಟ್ರೇ'ಗೆ 'ತಟ್ಟೆ' ಆಗಲ್ವಾ?